ಬಾಲಾಶ್ರಮದಲ್ಲಿ ಹೆಸರು ಓದಿದ ಆ ರಾತ್ರಿ

ನಾನೊಬ್ಬನೇ ಕೇಳಿಸಿಕೊಂಡಿದ್ದರೆ ಭ್ರಮೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಅಷ್ಟು ದೂರದ ಕಾಯ್ಕಿಣಿಯ ನಮ್ಮ ಮನೆಯಲ್ಲಿ ಫೋನ್ ಹಿಡಿದು ಕುಳಿತಿದ್ದ ನನ್ನ ಹೆಂಡತಿ ಶೈಲಾಳಿಗೂ ಆ ದನಿಗಳು ಕೇಳಿಸಿವೆ. ಇವತ್ತಿಗೂ ಆ ಮಾತು ತೆಗೆದರೆ ಅವಳು ಎದ್ದು ಒಳಗೆ ಹೋಗಿಬಿಡುತ್ತಾಳೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಒಂದು ಮಾತನ್ನೂ ಸೇರಿಸುವುದಿಲ್ಲ.

ನಾನು ನಮ್ಮೂರಿನ ಪಕ್ಕದ ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ರಿಸೆಪ್ಶನ್ ಕೆಲಸ ಮಾಡುತ್ತೇನೆ. ಮನೆಯಲ್ಲಿ ಶೈಲಾ, ಒಂದನೇ ಕ್ಲಾಸಿನ ಮಗಳು, ಮತ್ತು ಆಗ ಬದುಕಿದ್ದ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ. ಅಜ್ಜಿಯ ಹೆಸರು ದೇವಕಿ. ಎಂಬತ್ತು ದಾಟಿತ್ತು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು.

ಅಜ್ಜಿ ಬೆಳೆದದ್ದು ಹೊನ್ನಾವರ ದಾಟಿ ಕುಮಟೆಯ ಕಡೆಗೆ ಹೋಗುವಾಗ ಸಿಗುವ ಒಂದು ಹಿನ್ನೀರಿನ ದಂಡೆಯ ಅನಾಥಾಲಯದಲ್ಲಿ. ಊರಿನವರು ಅದನ್ನು ಬಾಲಾಶ್ರಮ ಎನ್ನುತ್ತಿದ್ದರು. ಅಲ್ಲಿಂದಲೇ ಅವಳನ್ನು ಕಾಯ್ಕಿಣಿಗೆ ಮದುವೆ ಮಾಡಿಕೊಟ್ಟದ್ದು. ಅವಳು ಅಲ್ಲಿಗೆ ಹೇಗೆ ಬಂದಳು, ಯಾರ ಮಗಳು, ಯಾರಿಗೂ ಗೊತ್ತಿರಲಿಲ್ಲ. ಆ ಬಗ್ಗೆ ಅವಳೂ ಬಾಯಿ ಬಿಟ್ಟವಳಲ್ಲ.

ಹಾಸಿಗೆ ಹಿಡಿದ ಮೇಲೆ ಮಾತ್ರ ದಿನವೂ ನನ್ನನ್ನು ಕರೆದು ಒಂದೇ ಪ್ರಶ್ನೆ.

"ತಮಾ, ನನ್ನ ಆಯಿ ನನ್ನ ಬಿಟ್ಟು ಹೋದ್ಲಾ? ಅಲ್ಲ, ನಾನೇ ಎಲ್ಲಾದ್ರೂ ತಪ್ಪಿ ಹೋದ್ನಾ?"

ಹೆತ್ತ ತಾಯಿಯ ಮುಖವೇ ನೆನಪಿಲ್ಲದವಳು "ಆಯಿ" ಎಂದು ಕರೆಯುವಾಗ ನಾನು ಅವಳ ಕೈ ಹಿಡಿದು ಕೂರುತ್ತಿದ್ದೆ. ಡಾಕ್ಟರು ಹೆಚ್ಚು ದಿನ ಇಲ್ಲ ಎಂದಿದ್ದರು. ಉತ್ತರ ಹುಡುಕಿಯೇ ಬಿಡುತ್ತೇನೆ ಎಂದು ಹೊರಟೆ.

ಬಾಲಾಶ್ರಮ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಅದರ ಮೇಲ್ವಿಚಾರಣೆ ನೋಡುವವರು ಕುಮಟೆಯಲ್ಲಿದ್ದರು. ನಾನು ಬಂದು ನೋಡಲು ಫೋನಿನಲ್ಲಿ ಒಪ್ಪಿಕೊಂಡರು. ಕಟ್ಟಡವನ್ನು ಕೆಡವುವುದಿದೆ, ಹಳೆಯ ದಾಖಲೆಗಳು ಇನ್ನೂ ಅಲ್ಲೇ ಕಪಾಟಿನಲ್ಲಿವೆ, ಬೇಗ ಹೋಗಿ ನೋಡಿ ಎಂದರು. ಒಂದೇ ಷರತ್ತು... ಮಕ್ಕಳ ವಿವರವಾದ್ದರಿಂದ ಫೋಟೋ ತೆಗೆಯುವ ಹಾಗಿಲ್ಲ.

ಆ ದಿನ ಡ್ಯೂಟಿ ಮುಗಿಸಿ ಬೈಕಿನಲ್ಲಿ ಹೊರಟೆ. ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು ಹೆದ್ದಾರಿಯೆಲ್ಲ ಜಾಮ್. ನಾನು ತಲುಪುವಾಗ ಹೊತ್ತು ಮುಳುಗಿ ಕತ್ತಲಾಗಿತ್ತು.

ಕಟ್ಟಡ ನೋಡಿಕೊಳ್ಳುವ ಮಾದೇವಕ್ಕ ಬೀಗ ತೆಗೆದರು. ಚಿರೆಕಲ್ಲಿನ ಗೋಡೆಗಳ ಉದ್ದನೆಯ ಹಾಲು. ಮೊದಲು ಮಕ್ಕಳು ಮಲಗುತ್ತಿದ್ದ ಜಾಗವಂತೆ. ಬಾವಲಿ ಹಿಕ್ಕೆಯ ನಾತ, ತೇವದ ನಾತ. ಕಪಾಟಿನ ಬಳಿ ಒಂದು ಮೇಜು, ಒಂದೇ ಬಲ್ಬು. ಅದರ ಬೆಳಕು ಹಾಲಿನ ಅರ್ಧಕ್ಕೂ ಬರುತ್ತಿರಲಿಲ್ಲ. ಆಚೆ ಬರೀ ಕತ್ತಲೆ.

ಮಾದೇವಕ್ಕ ಹೊಸ್ತಿಲು ದಾಟಲಿಲ್ಲ.

"ಓದೂದಾದ್ರೆ ಮನಸ್ಸಲ್ಲೇ ಓದಿ," ಎಂದರು. "ಹೆಸರು ಬಾಯಿಬಿಟ್ಟು ಓದ್ಬೇಡಿ."

"ಎಂತಕ್ಕೆ?"

"ನಂಗೂ ಗೊತ್ತಿಲ್ಲ. ನಮ್ಮ ಅತ್ತೆ ಹೇಳ್ತಿದ್ರು. ಇಲ್ಲಿ ಯಾರೂ ಗಟ್ಟಿ ಓದೂದಿಲ್ಲ."

ಗೇಟಿನ ಹತ್ತಿರ ಇರುತ್ತೇನೆಂದು ಹೇಳಿ ಹೊರಟೇಹೋದರು. ನಾನು ಆ ಮಾತನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಅಜ್ಜಿಯ ಕಾಲದ ದಾಖಲೆ ಪುಸ್ತಕ ಸಿಕ್ಕಿತು. ಪುಟಗಳ ಅಂಚನ್ನು ಗೆದ್ದಲು ತಿಂದಿತ್ತು. ನಿಧಾನವಾಗಿ ಬೆರಳಾಡಿಸುತ್ತ ಹೋದೆ. ಇತ್ತು... ದೇವಕಿ. ವಯಸ್ಸು ಸುಮಾರು ನಾಲ್ಕು. ತಂದುಬಿಟ್ಟವರು: ದೋಣಿಯವರು. ತಾಯಿಯ ಹೆಸರಿರಬೇಕಾದ ಜಾಗದಲ್ಲಿ ಒಂದು ಗೀಟು.

ಅಷ್ಟೇ. ಅಷ್ಟು ದೂರದಿಂದ ಬಂದದ್ದು ಒಂದು ಗೀಟು ನೋಡುವುದಕ್ಕೆ.

ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಅದೇ ಪುಟದಲ್ಲಿ ಬೇರೆ ಹುಡುಗಿಯರ ಹೆಸರುಗಳಿದ್ದವು. ಓದಿ ಹೇಳಿದರೆ ಅಜ್ಜಿಗೆ ಏನಾದರೂ ನೆನಪಾಗಬಹುದು ಎನ್ನಿಸಿ ಮನೆಗೆ ಫೋನ್ ಮಾಡಿದೆ. ಶೈಲಾ ಸ್ಪೀಕರ್ ಹಾಕಿ ಅಜ್ಜಿಯ ದಿಂಬಿನ ಹತ್ತಿರ ಹಿಡಿದಳು. ನಾನೂ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ.

"ಸಾವಿತ್ರಿ," ಎಂದು ಓದಿದೆ.

"ಓ..."

ಹಾಲಿನ ಆ ತುದಿಯ ಕತ್ತಲೆಯಿಂದ. ಸಣ್ಣ ದನಿ.

ಖಾಲಿ ಹಾಲು, ಪ್ರತಿಧ್ವನಿ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಫೋನಿನಲ್ಲಿ ಅಜ್ಜಿ ನಕ್ಕಳು. "ಸಾವಿತ್ರಿ ಅಲ್ದಾ ಅದು? ಮೂಗಲ್ಲೇ ಮಾತಾಡೂದು. ಈಗ್ಲೂ ಹಂಗೇ ಮಾತಾಡ್ತದೆ ನೋಡು."

ವಯಸ್ಸಾದವರ ಮಾತು. ಮುಂದಿನ ಹೆಸರು ಓದಿದೆ.

"ಗುಲಾಬಿ."

"ಓ..."

ಈ ಸಲ ಬೇರೆ ಕಡೆಯಿಂದ. ಇನ್ನೂ ಹತ್ತಿರದಿಂದ... ಪ್ರತಿಧ್ವನಿಯಾಗಿದ್ದರೆ ಗುಲಾಬಿ ಎಂದೇ ಕೇಳಬೇಕಿತ್ತಲ್ಲ, ಓ ಎಂದು ಹೇಗೆ ಕೇಳೀತು?

"ಅಲ್ಲಿ ಮಕ್ಕಳಿದ್ದಾರಾ?" ಶೈಲಾ ಕೇಳಿದಳು.

"ಇಲ್ಲ. ನಾನೊಬ್ನೇ."

"ಮತ್ತೆ ಓ ಅಂದದ್ದು ಯಾರು?"

ಪುಸ್ತಕ ಮುಚ್ಚಲು ಹೋದೆ. ಆಗ ಬಲ್ಬು ಮಿಣುಕಿ ಆರಿತು. ಫೋನಿನ ಪರದೆಯ ಬೆಳಕಷ್ಟೇ ಉಳಿಯಿತು. ಎಲ್ಲಿಂದಲೋ ಗಂಜಿ ಕುದಿಯುವ ವಾಸನೆ, ಸೀಮೆಎಣ್ಣೆ ದೀಪದ ಹೊಗೆಯ ವಾಸನೆ. ನೆಲದ ಮೇಲೆ ಬರಿಗಾಲುಗಳ ಸದ್ದು... ಒಂದಲ್ಲ, ಎರಡಲ್ಲ. ಬಂದು, ನನ್ನ ಸುತ್ತ ನಿಂತವು.

ಮೊಣಕೈಯ ಪಕ್ಕದಲ್ಲೇ ಯಾರೋ ಪಿಸುಗುಟ್ಟಿದರು.

"ನಂದೂ ಓದು."

ಇನ್ನೊಂದು ಪಕ್ಕದಿಂದ, "ನಂದೂ..."

ಫೋನಿನಲ್ಲಿ ಶೈಲಾ ಅಳುತ್ತಿದ್ದಳು. ಅಜ್ಜಿಯ ದನಿ ಮಾತ್ರ ನಿರಾಳವಾಗಿತ್ತು.

"ಓದು ತಮಾ. ಪಾಪ, ಅವ್ರನ್ನ ಯಾರೂ ಕರೆಯೂದಿಲ್ಲ."

ಓದದಿದ್ದರೆ ಏನಾಗುವುದೋ ಎಂಬ ಭಯಕ್ಕೆ ಓದಿದೆ. ಫೋನಿನ ಬೆಳಕನ್ನು ಪುಟಕ್ಕೆ ಹಿಡಿದಿದ್ದೆ. ಒಂದೊಂದು ಹೆಸರಿಗೂ ಒಂದೊಂದು ಓ. ಒಂದು ದನಿಯಲ್ಲಿ ನಗು, ಒಂದು ದನಿಯಲ್ಲಿ ಕೆಮ್ಮು. ನನ್ನ ಮುಂಗೈಗೆ ಯಾರದೋ ಉಸಿರು ತಾಗುತ್ತಿತ್ತು. ನಾನು ಪುಟದಿಂದ ಕಣ್ಣು ಎತ್ತಲಿಲ್ಲ. ಎತ್ತಿದ್ದರೆ ಇವತ್ತು ಇದನ್ನು ಹೇಳಲು ಇರುತ್ತಿದ್ದೆನೋ ಇಲ್ಲವೋ.

ಕೊನೆಗೆ ಆ ಹೆಸರು ಬಂತು.

"ದೇವಕಿ."

ಯಾರೂ ಓ ಎನ್ನಲಿಲ್ಲ. ಸುತ್ತಲಿದ್ದ ಉಸಿರುಗಳೆಲ್ಲ ಒಮ್ಮೆಲೇ ನಿಂತವು.

ಆಮೇಲೆ ಕಿಟಕಿಯ ಹೊರಗಿನಿಂದ ಒಂದು ದನಿ. ಮಗುವಿನದಲ್ಲ, ಹೆಂಗಸಿನದು. ಕೂಗಿ ಕೂಗಿ ಒಡೆದು ಹೋದ ದನಿ.

"ದೇವಕೀ... ಎಲ್ಲಿದ್ಯೆ ಮಗಾ..."

ಆ ಕಿಟಕಿ ಇರುವುದು ಹಿನ್ನೀರಿನ ಕಡೆಗೆ. ಗೋಡೆಯ ಬುಡದಲ್ಲೇ ನೀರು. ಅಲ್ಲಿ ನಿಲ್ಲಲು ಜಾಗವೇ ಇಲ್ಲ.

ಫೋನಿನಲ್ಲಿ ಅಜ್ಜಿ ಮಾತಾಡಿದಳು. ಆದರೆ ಅದು ಮುದುಕಿಯ ದನಿಯಾಗಿರಲಿಲ್ಲ. ತೆಳ್ಳಗೆ, ಎಳೆಯ ಹುಡುಗಿಯ ಹಾಗೆ...

"ಆಯೀ... ನಾನಿಲ್ಲೇ. ಕಾಯ್ಕಿಣಿಲಿ. ಬಾ."

ಹೊರಗೆ ನೀರು ಸಳಸಳ ಎಂದಿತು. ಯಾರೋ ನೀರಿನಲ್ಲಿ ನಡೆದು ಹೋಗುವ ಸದ್ದು. ಅದು ದೂರ ದೂರವಾಗುತ್ತ ತೆಂಕಣ ದಿಕ್ಕಿಗೆ, ಹೊನ್ನಾವರ, ಕಾಯ್ಕಿಣಿಯ ಕಡೆಗೆ ಸರಿಯಿತು. ಫೋನ್ ಕಟ್ಟಾಯಿತು.

ನಾನು ಹೇಗೆ ಹೊರಗೆ ಬಂದೆನೋ ನೆನಪಿಲ್ಲ. ಗೇಟಿನಲ್ಲಿ ಮಾದೇವಕ್ಕ ನನ್ನ ಮುಖಕ್ಕೆ ಟಾರ್ಚ್ ಬಿಟ್ಟರು.

"ಓದಿದ್ರಾ?"

ತಲೆಯಾಡಿಸಿದೆ. ಅವರು ಗೇಟು ಎಳೆದು ಬೀಗ ಹಾಕಿದರು.

ಹೊನ್ನಾವರದ ಸೇತುವೆ ದಾಟುವಾಗ ಕೆಳಗಿನ ನೀರನ್ನು ನೋಡಲಿಲ್ಲ. ಬೈಕಿನ ಕನ್ನಡಿಯನ್ನೂ ನೋಡಲಿಲ್ಲ. ಮನೆಗೆ ಬಂದರೆ ಎಲ್ಲ ದೀಪ ಹಾಕಿ, ಮಲಗಿದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಶೈಲಾ ಕುಳಿತಿದ್ದಳು.

"ಅಜ್ಜಿ ಬಾಗಿಲು ತೆಗಿ ತೆಗಿ ಅಂತಿದ್ರು," ಎಂದಳು ಮೆಲ್ಲಗೆ. "ನಾ ತೆಗೀಲಿಲ್ಲ."

ಅಜ್ಜಿ ನಿದ್ದೆ ಮಾಡುತ್ತಿದ್ದಳು. ನಾನು ಚಿಲಕ ಭದ್ರ ಮಾಡಿ, ಕಿಟಕಿಗಳನ್ನೆಲ್ಲ ಹಾಕಿ, ಅಲ್ಲೇ ನೆಲದ ಮೇಲೆ ಕುಳಿತೆ. ಯಾವಾಗ ಕಣ್ಣು ಹತ್ತಿತೋ ತಿಳಿಯಲಿಲ್ಲ.

ಬೆಳಿಗ್ಗೆ ಶೈಲಾ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಅಜ್ಜಿಯ ಹಾಸಿಗೆಯ ಕಡೆಗೆ ಕೈ ತೋರಿಸಿದಳು.

ಎಷ್ಟೋ ದಿನಗಳಿಂದ ಅಜ್ಜಿ ತಲೆಗೆ ಬಾಚಣಿಗೆ ಮುಟ್ಟಿಸಿಕೊಂಡಿರಲಿಲ್ಲ. ಮುಟ್ಟಿದರೆ ನೋವು ಎನ್ನುತ್ತಿದ್ದಳು. ಬಿಳಿ ಕೂದಲೆಲ್ಲ ಗಂಟುಗಂಟಾಗಿತ್ತು. ಈಗ ಆ ಕೂದಲು ನಡುವೆ ನೇರವಾದ ಬೈತಲೆ ತೆಗೆದು, ಎಣ್ಣೆ ಹಚ್ಚಿ, ಎರಡು ಜಡೆಯಾಗಿತ್ತು. ಶಾಲೆಗೆ ಹೋಗುವ ಹುಡುಗಿಗೆ ಹಾಕುವ ಹಾಗೆ, ಬಿಗಿಯಾಗಿ.

ಹಾಸಿಗೆಯ ಪಕ್ಕದ ನೆಲ ಒದ್ದೆ. ಬಗ್ಗಿದರೆ ಉಪ್ಪುನೀರಿನ ವಾಸನೆ. ಬಾಗಿಲ ಚಿಲಕ ನಾನು ಹಾಕಿದಂತೆಯೇ ಇತ್ತು.

ಅಜ್ಜಿ ಜಡೆ ಸವರಿಕೊಳ್ಳುತ್ತಿದ್ದಳು.

"ಗಟ್ಟಿ ಎಳೆದ್ಲು," ಎಂದಳು. "ನೋವಾತು."

"ಯಾರಜ್ಜಿ?"

"ಬಿಟ್ಟು ಹೋದದ್ದಲ್ವಂತೆ ತಮಾ. ಹುಡುಕ್ತಾನೇ ಇದ್ಲಂತೆ."

ಆಮೇಲೆ ಅವಳು ಆ ಪ್ರಶ್ನೆ ಕೇಳಲಿಲ್ಲ. ಮಳೆಗಾಲಕ್ಕೆ ಮೊದಲು, ಮಧ್ಯಾಹ್ನದ ಗಂಜಿ ಕುಡಿದು ಮಲಗಿದವಳು ನಿದ್ದೆಯಲ್ಲೇ ಹೋದಳು. ಬಾಲಾಶ್ರಮವನ್ನೂ ಕೆಡವಿದರು. ಎಲ್ಲ ಮುಗಿಯಿತು, ಇಬ್ಬರಿಗೂ ಶಾಂತಿ ಸಿಕ್ಕಿತು ಎಂದು ನಾವೂ ನಂಬಿಕೊಂಡೆವು.

ಕಳೆದ ವಾರ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದೆ. ಮಗಳು ಕಣ್ಣು ಹೊಸಕಿಕೊಳ್ಳುತ್ತ ಎದ್ದು ಬಂದಳು. ರಾತ್ರಿ ಕೂದಲು ಬಿಚ್ಚಿಕೊಂಡು ಮಲಗಿದ್ದವಳು. ಈಗ ಎರಡು ಜಡೆ. ಬಿಗಿಯಾಗಿ, ಎಣ್ಣೆ ಹೊಳೆಯುತ್ತ.

ಶೈಲಾ ನನ್ನ ಮುಖ ನೋಡಿದಳು. ನನಗೆ ಜಡೆ ಹೆಣೆಯಲು ಬರುವುದಿಲ್ಲ ಎಂದು ಅವಳಿಗೆ ಗೊತ್ತು. ಮಗಳನ್ನು ಹತ್ತಿರ ಎಳೆದುಕೊಂಡು ಜಡೆಗೆ ಕೈ ಹಾಕಿದಳು.

"ಬಿಚ್ಬೇಡ ಅಮ್ಮ," ಎಂದಳು ಮಗಳು. "ಬಿಚ್ಚಿದ್ರೆ ಅವ್ರು ಮತ್ತೆ ಹಾಕೂಕೆ ಬರ್ತಾರೆ."

ಶೈಲಾಳ ಕೈ ಅಲ್ಲೇ ನಿಂತಿತು. ಅವರು ಯಾರು ಎಂದು ಮಗಳನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮಗಳು ಆ ದಿನ ಅದೇ ಜಡೆಯಲ್ಲಿ ಶಾಲೆಗೆ ಹೋದಳು.