ಒಡ್ಡಿನ ಮೇಲೆ ನಾಲ್ಕು ಟಾರ್ಚು

ಅಮ್ಮ ಅಕ್ಕನ ಬಾಣಂತನಕ್ಕೆಂದು ಹೊನ್ನಾವರಕ್ಕೆ ಹೊರಟ ದಿನ ನಾನು ಹೊಸ ನೋಟುಬುಕ್ಕು ತೆರೆದೆ. ಮೊದಲ ಪುಟದಲ್ಲಿ ಬರೆದದ್ದು ಇಷ್ಟು: ಅಮ್ಮ ಇಲ್ಲದ ದಿನಗಳು, ಅರವತ್ತು. ಜಂತ್ರಡಿಗೆ ಹೋಗಬೇಕಾದ ರಾತ್ರಿಗಳು, ಇಪ್ಪತ್ತು. ತಪ್ಪಿದರೂ ನಡೆಯುವಂಥವು, ಒಂದು.

ಜಂತ್ರಡಿ ಎಂದರೆ ಉಪ್ಪುನೀರು ಹತ್ತುವ ನಮ್ಮ ಗಜನಿ ಗದ್ದೆಗೂ ಅಘನಾಶಿನಿ ಹೊಳೆಗೂ ನಡುವಿನ ಒಡ್ಡಿನಲ್ಲಿರುವ ನೀರಿನ ಬಾಗಿಲು. ಭತ್ತ ಕೊಯ್ದ ಮೇಲೆ ಭರತದ, ಅಂದರೆ ಸಮುದ್ರದ ಉಬ್ಬರದ ನೀರು ಅದರೊಳಗಿಂದ ಗದ್ದೆಗೆ ನುಗ್ಗುತ್ತದೆ. ಸಿಗಡಿಯೂ ಮೀನೂ ಜೊತೆಗೇ ಬರುತ್ತವೆ. ನೀರು ಮತ್ತೆ ಹೊಳೆಯ ಕಡೆ ತಿರುಗುವ ಮೊದಲು ಅಲ್ಲಿದ್ದು ಬಾಗಿಲಿಗೆ ಬಲೆ ಇಳಿಸಿದರೆ ಸಿಗಡಿ ನಮ್ಮದು, ತಡವಾದರೆ ಹೊಳೆಯದು. ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ಐದೈದು ರಾತ್ರಿ ಈ ಕೆಲಸ. ಹನ್ನೊಂದು ವರ್ಷದಿಂದ ಅಮ್ಮ ಇದನ್ನು ನಡೆದೇ ಹೋಗಿ ಮಾಡುತ್ತ ಬಂದವಳು. ಅವಳು ಹೊರಡುವ ಹಿಂದಿನ ದಿನವೇ ಗಜನಿ ಕಮಿಟಿಯ ಹಿರಿಯರು ಬಂದು, ಜಗಲಿಯಲ್ಲಿ ಕೂತು, ಚಾ ಕುಡಿದು, ಎರಡು ರಾತ್ರಿ ಬಲೆ ತಪ್ಪಿದರೆ ಜಂತ್ರಡಿಯನ್ನು ಗುತ್ತಿಗೆಗೆ ಕೊಡಬೇಕಾಗುತ್ತದೆ ಎಂದು ಹೇಳಿಹೋದರು. ಗುತ್ತಿಗೆಗೆ ಹೋದ ಜಂತ್ರಡಿ ಮನೆಗೆ ಮರಳಿದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ನಾನು ಕುಮಟೆಯ ಜೆರಾಕ್ಸ್ ಅಂಗಡಿಯಲ್ಲಿ ಎಂಟರವರೆಗೆ ಇರುವವಳು. ಬಸ್ಸಿನಲ್ಲಿ ಮಿರ್ಜಾನಕ್ಕೆ ಬಂದು ಇಳಿದರೆ ನಡೆದು ಹೋಗುವಷ್ಟು ಹೊತ್ತು ಉಳಿಯುವುದಿಲ್ಲ. ಬೈಕು ಹತ್ತಿಸಿದರೆ ಒಡ್ಡು ಕುಸಿಯುತ್ತದೆ. ಉಳಿದದ್ದು ಸೈಕಲ್ಲು. ಒಂದು ಭಾನುವಾರ ಹಗಲಲ್ಲಿ ಹೋಗಿ ದಾರಿಯನ್ನು ಎಣಿಸಿದೆ. ಎದ್ದ ಕಲ್ಲು ಮೂವತ್ತೊಂದು, ಕುಸಿದ ಜಾಗ ನಾಲ್ಕು. ಏಡಿ ತೋಡಿದ ಗುಂಡಿಗಳನ್ನು ಇನ್ನೂರಕ್ಕೆ ನಿಲ್ಲಿಸಿದೆ. ಬಲಕ್ಕೆ ಹೊಳೆ, ಎಡಕ್ಕೆ ಕೆಸರು.

ಮೊದಲ ಟಾರ್ಚು ನನ್ನ ಮೊಬೈಲೇ. ತಲೆಗೆ ಹಾಕುವ ರಬ್ಬರ್ ಬ್ಯಾಂಡಿನಿಂದ ಹ್ಯಾಂಡಲಿಗೆ ಕಟ್ಟಿದ್ದೆ. ಮೂರನೇ ಕಲ್ಲಿಗೆ ಅದು ಹೊಳೆಗೆ ಹಾರಿತು. ನೀರೊಳಗೆ ಎಂಟು ಸೆಕೆಂಡು ಉರಿಯಿತು. ಬೆಳಕು ಚೆನ್ನಾಗಿತ್ತು, ತಳದ ಮರಳು ಕೂಡ ಕಂಡಿತು. ಉಳಿದ ದಾರಿಯನ್ನು ಸೈಕಲ್ ತಳ್ಳಿಕೊಂಡು, ಕಾಲಿನಿಂದ ತಡವುತ್ತ ಹೋದೆ. ಬಲೆ ಇಳಿದಾಗ ನೀರು ತಿರುಗಲು ಎರಡು ನಿಮಿಷ ಇತ್ತು.

ಎರಡನೆಯದನ್ನು ಅಮ್ಮನನ್ನು ನೋಡಲು ಹೋದಾಗ ಹೊನ್ನಾವರದ ಪೇಟೆಯಲ್ಲಿ ಕೊಂಡೆ. ಚಾರ್ಜ್ ಮಾಡುವ ಪ್ಲಾಸ್ಟಿಕ್ ಟಾರ್ಚು. ಒಂದು ಕಲ್ಲಿಗೆ ಆರಿತು, ಮುಂದಿನ ಕಲ್ಲಿಗೆ ಹತ್ತಿತು. ಮೂವತ್ತೊಂದು ಕಲ್ಲಿದ್ದದ್ದರಿಂದ ಲೆಕ್ಕ ಸುಲಭ. ಅರ್ಧ ದಾರಿಯನ್ನು ನೋಡಿಕೊಂಡು, ಉಳಿದರ್ಧವನ್ನು ನೆನಪಿನಿಂದ ಹೊಡೆಯುವ ಅಭ್ಯಾಸವನ್ನೂ ಮಾಡಿಕೊಂಡೆ. ಆದರೆ ಒಂದು ವಿಷಯ ತಲೆಗೆ ಬಂದಿರಲಿಲ್ಲ. ಒಡ್ಡಿನ ನಡುವೆ ತಾರಿಕಟ್ಟೆ ಇದೆ, ದೋಣಿ ಬಂದು ನಿಲ್ಲುವ ಜಾಗ. ತಾರಿಯ ಅಜ್ಜನ ಮನೆ ಆಚೆ ದಡದಲ್ಲಿ. ಈ ಕಡೆಯಿಂದ ಯಾರಿಗಾದರೂ ದಾಟಬೇಕಿದ್ದರೆ ಬೆಳಕನ್ನು ಆಡಿಸಬೇಕು, ಅಜ್ಜ ದೋಣಿ ತರುತ್ತಾರೆ. ಅವರ ಹತ್ತಿರ ಫೋನಿದೆ, ಆದರೆ ಸಂಜೆ ಏಳರಿಂದ ಅದರಲ್ಲಿ ಸೊಸೆ ಧಾರಾವಾಹಿ ನೋಡುತ್ತಾಳೆ.

ಆ ರಾತ್ರಿ ನಾನು ತಾರಿಕಟ್ಟೆ ತಲುಪುವ ಹೊತ್ತಿಗೆ ದೋಣಿ ಬಂದು ನಿಂತಿತ್ತು. ಅಜ್ಜ ಏದುಸಿರು ಬಿಡುತ್ತಿದ್ದರು.

"ಎಷ್ಟು ಸಲ ಕರೀತೆ ತಂಗಿ? ಒಂದು ಸಲ ತೋರ್ಸಿದ್ರೆ ಸಾಕು. ನಂಗೆ ಇನ್ನೂ ಕಣ್ಣು ಕಾಣ್ತದೆ."

ಎಪ್ಪತ್ತು ದಾಟಿದವರು, ಭರತದ ನೀರಿನಲ್ಲಿ ಹುಟ್ಟು ಹಾಕಿ ಬಂದಿದ್ದಾರೆ. ನಾನು ಕರೆದೇ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಸೈಕಲ್ ಸಮೇತ ದೋಣಿ ಹತ್ತಿದೆ. ಆಚೆ ದಡದಲ್ಲಿ ಇಳಿದೆ. ಈ ಹೊತ್ತಿನಲ್ಲಿ ಯಾರ ಮನೆಗೆ ಎಂದು ಅಜ್ಜ ಕೇಳಿದರು. ಯಾರ ಮನೆಗೂ ಅಲ್ಲ, ಸುಮ್ಮನೆ ಎಂದೆ. ಅವರ ಅಂಗಳದ ತೆಂಗಿನ ಮರದ ಕೆಳಗೆ ಒಂದು ಭೇಟಿಗೆ ಸಾಲುವಷ್ಟು ಹೊತ್ತು, ಅಂದರೆ ಆರು ನಿಮಿಷ ನಿಂತು, ವಾಪಸು ದಾಟಿಸಿ ಎಂದು ಕೇಳಿದೆ. ಹೋಗಿ ಬರುವುದಕ್ಕೆ ಎರಡು ಬಾಡಿಗೆ, ಸೈಕಲ್ಲಿಗೆ ಬೇರೆ. ಜಂತ್ರಡಿ ಮುಟ್ಟಿದಾಗ ನೀರು ತಿರುಗಿ ಇಪ್ಪತ್ತು ನಿಮಿಷವಾಗಿತ್ತು. ಗದ್ದೆಯ ಸಿಗಡಿ ಕಣ್ಣೆದುರೇ ಹೊಳೆಗೆ ಹೋಗುತ್ತಿತ್ತು. ನೋಟುಬುಕ್ಕಿನಲ್ಲಿ ಬರೆದೆ: ತಪ್ಪಿದ್ದು, ಒಂದು. ಕಾರಣ, ಸಂಕೋಚ.

ಮರುದಿನವೇ ಕುಮಟೆಯಲ್ಲಿ ಮೂರನೆಯದು, ಹಣೆಗೆ ಕಟ್ಟುವ ಟಾರ್ಚು. ಕಲ್ಲಿಗೆ ಅದು ಆರಲಿಲ್ಲ. ಆದರೆ ಪ್ರತಿ ಕಲ್ಲಿಗೂ ತಲೆ ಅಲುಗುತ್ತದೆ, ತಲೆಯ ಜೊತೆ ಬೆಳಕೂ. ದಾರಿಯುದ್ದಕ್ಕೂ ಹುಳಗಳು ಬಾಯಿಯ ಹತ್ತಿರವೇ ಹಾರಾಡಿದವು. ಬೆಳಕಿಗೆ ನೀರಿನಿಂದ ಎಗರಿದ ಮೀನೊಂದು ಕೆನ್ನೆಗೆ ಹೊಡೆದು ಕೆಸರಿಗೆ ಬಿತ್ತು. ಹುಳ, ಲೆಕ್ಕವಿಲ್ಲ. ಮೀನು, ಒಂದು. ತಾರಿಕಟ್ಟೆಯಲ್ಲಿ ದೋಣಿ ಮತ್ತೆ ನಿಂತಿತ್ತು. ಈ ಸಲ ಇದ್ದದ್ದನ್ನು ಇದ್ದಂತೆ ಹೇಳಿದೆ.

"ಹಂಗಾರೆ ನಿನ್ನೆ ಎಂತಕ್ಕೆ ಹತ್ತಿದ್ದೆ?"

"ನೀವು ಬಂದುಬಿಟ್ಟಿದ್ರಲ್ಲ ಅಜ್ಜ, ಬೇಜಾರಾಗ್ತದೆ ಅಂತ."

ಅಜ್ಜ ಹುಟ್ಟನ್ನು ಕೈಗೆತ್ತಿಕೊಂಡರು. "ಆತು. ಇನ್ನು ಈ ದಡದಲ್ಲಿ ರಾತ್ರಿ ಬೆಳಕು ಕುಣಿದ್ರೆ ಅದು ನೀನೇ. ನಾ ಬರೂದಿಲ್ಲ." ಬೇರೆ ಯಾರಾದರೂ ದಾಟುವವರಿದ್ದರೆ ಎಂದು ಕೇಳಿದೆ. ಒಂಬತ್ತರ ಮೇಲೆ ಈ ಕಡೆ ಇರುವುದು ನೀನು ಮತ್ತು ನರಿ ಎಂದು ಹೇಳಿ ದೋಣಿ ತಿರುಗಿಸಿದರು. ಆ ರಾತ್ರಿ ಬಲೆ ಹೊತ್ತಿಗೆ ಸರಿಯಾಗಿ ಬಿತ್ತು.

ಆದರೂ ಕುಣಿಯದ ಬೆಳಕು ಬೇಕಿತ್ತು. ಭಾನುವಾರ ಭಟ್ಕಳಕ್ಕೆ ಹೋದೆ. ಹೊರದೇಶದ ಸಾಮಾನು ಮಾರುವ ಸಣ್ಣ ಅಂಗಡಿ, ಗಲ್ಲಾದಲ್ಲಿ ಬಿಳಿ ಗಡ್ಡದ ಸಾಹೇಬರು. ನನ್ನ ಮಿತಿ ಆರುನೂರು ರೂಪಾಯಿ ಎಂದು ಮೊದಲೇ ಹೇಳಿಬಿಟ್ಟೆ. ಅವರು ಒಂದು ಕಪ್ಪು ಟಾರ್ಚನ್ನು ಎತ್ತಿ, "ಬೇಟಿ, ಇದರ ಮೇಲೆ ಜೀಪು ಹೋದ್ರೂ ಏನಾಗೂದಿಲ್ಲ" ಎಂದರು. ಜೀಪು ಹೋಗಿದೆಯೇ ಎಂದು ಕೇಳಿದೆ. ಜೀಪು ಹೋಗಿರಲಿಲ್ಲ.

ನಾನು ನೋಟುಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಮ್ಮು ಮಾಡಿದ್ದನ್ನು ತೋರಿಸಿದೆ: ಬೀಳಿಸಿದ್ದು, ನೆನೆಸಿದ್ದು, ಅಲುಗಿಸಿದ್ದು. ಬೈದು ಕಳಿಸುತ್ತಾರೆ ಎಂದುಕೊಂಡಿದ್ದೆ. ಸಾಹೇಬರು ಕನ್ನಡಕ ಹಾಕಿಕೊಂಡು ಓದಿ, ಎದ್ದು ಬಂದು, ಕಪ್ಪು ಟಾರ್ಚನ್ನು ತಾವೇ ಮೆಟ್ಟಿಲಿನಿಂದ ಕೆಳಗೆ ಉರುಳಿಸಿದರು. ಅದು ಐದನೇ ಮೆಟ್ಟಿಲಿಗೆ ಸತ್ತಿತು. ಅವರ ಮುಖ ಕೆಂಪಾಯಿತು. ಆಮೇಲೆ ಅವರನ್ನು ನಿಲ್ಲಿಸಲಾಗಲಿಲ್ಲ. ಪಕ್ಕದ ಜ್ಯೂಸ್ ಅಂಗಡಿಯಿಂದ ಬಕೆಟ್ಟು ತರಿಸಿದರು, ಉಪ್ಪು ತರಿಸಿದರು. ಒಂದನ್ನು ತಮ್ಮ ಸ್ಕೂಟರಿನ ಕ್ಯಾರಿಯರಿಗೆ ಕಟ್ಟಿ ಕಲ್ಲು ಹಾಕಿದ ಗಲ್ಲಿಯಲ್ಲಿ ಎರಡು ಸುತ್ತು ಹೊಡೆದು ಬಂದರು. ಏಳು ಟಾರ್ಚಿನಲ್ಲಿ ನಾಲ್ಕು ಹೋದವು. ನಾನು ಹಣ ಕೊಡಲು ಹೋದರೆ ಬೇಡವೆಂದರು. ಇಷ್ಟು ದಿನ ಅವನ್ನು ಗ್ಯಾರಂಟಿ ಹೇಳಿ ಮಾರಿದ್ದೇನೆ, ಯಾರಿಗೆಲ್ಲ ಎಂದು ನೆನಪಿಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂತರು.

ಉಳಿದ ಮೂರರಲ್ಲಿ ನಾನು ತೆಗೆದುಕೊಂಡದ್ದು ಎಲ್ಲಕ್ಕಿಂತ ಪೆದ್ದಾಗಿ ಕಾಣುವುದನ್ನು. ಹೆಬ್ಬೆರಳು ದಪ್ಪದ ಅಲ್ಯೂಮಿನಿಯಂ ಕೊಳವೆ, ಕುತ್ತಿಗೆಗೆ ರಬ್ಬರಿನ ಉಂಗುರ, ಬಾಲದಲ್ಲಿ ಸ್ವಿಚ್ಚು, ಯಾವ ಗೂಡಂಗಡಿಯಲ್ಲೂ ಸಿಗುವ ಒಂದು ಪೆನ್ ಸೆಲ್ಲು. ತುಂಬ ಪ್ರಖರವಾದದ್ದು ಇಪ್ಪತ್ತು ನಿಮಿಷಕ್ಕೆ ಬಿಸಿಯಾಗಿ ಮಂಕಾಗುತ್ತಿತ್ತು. ತಲೆಯನ್ನು ಹಿಂದೆಮುಂದೆ ಎಳೆಯುವಂಥದ್ದರ ಸಂದಿಗೆ ಮರಳು ಸೇರುತ್ತದೆ. ಇದರ ಬೆಲೆ ನನ್ನ ಮಿತಿಯ ಅರ್ಧವೂ ಇರಲಿಲ್ಲ. ಪಂಕ್ಚರ್ ಅಂಗಡಿಯ ಹಳೇ ಟ್ಯೂಬಿನ ಎರಡು ಪಟ್ಟಿಗಳನ್ನು ಅಡ್ಡಡ್ಡ ಸುತ್ತಿ ಹ್ಯಾಂಡಲಿಗೆ ಬಿಗಿದೆ, ಬೆಳಕು ನಾಲ್ಕು ಮಾರು ಮುಂದೆ ನೆಲಕ್ಕೆ ಬೀಳುವಂತೆ. ಒಂಬತ್ತು ರಾತ್ರಿ ಹೋಗಿ ಬಂದೆ. ಆರಿದ್ದು ಸೊನ್ನೆ, ಕುಣಿದದ್ದು ಸೊನ್ನೆ, ಅಜ್ಜ ಬಂದದ್ದು ಸೊನ್ನೆ.

ಹತ್ತನೇ ರಾತ್ರಿ ನೀರು ತಿರುಗುವುದು ಒಂಬತ್ತು ಐವತ್ತಕ್ಕೆ. ಒಂಬತ್ತು ಇಪ್ಪತ್ತೈದಕ್ಕೆ ತಾರಿಕಟ್ಟೆಯ ಹತ್ತಿರ ಬಂದರೆ ಯಾರೋ ಮೊಬೈಲ್ ಬೆಳಕನ್ನು ತಲೆಯ ಮೇಲೆ ಹಿಡಿದು ಆಡಿಸುತ್ತಿದ್ದಾರೆ. ಕಮಿಟಿಯ ಹಿರಿಯರು. ಬೆಳಿಗ್ಗೆ ಆಚೆ ದಡದಲ್ಲಿ ಮೊಮ್ಮಗಳ ನಿಶ್ಚಿತಾರ್ಥ, ಸೇತುವೆ ಸುತ್ತಿ ಹೋಗುವ ಕೊನೇ ಬಸ್ಸು ಹೋಗಿಯಾಗಿತ್ತು. ಇಪ್ಪತ್ತು ನಿಮಿಷದಿಂದ ಆಡಿಸಿ ಅವರ ತೋಳು ಸೋತಿತ್ತು. ಅಜ್ಜ ಸತ್ತೇಹೋದನೋ ಎಂದು ಅವರು ಕೇಳಿದರು. ಸತ್ತಿಲ್ಲ ಎಂದು, ಕಾರಣವನ್ನೂ ಹೇಳಿದೆ.

ಅವರು ನನ್ನ ಟಾರ್ಚು ಕೇಳಿದರು. ಕೊಟ್ಟರೆ ಮುಂದಿನ ದಾರಿಗೆ ಬೆಳಕಿಲ್ಲ, ಬಲೆ ಎರಡನೇ ಸಲ ತಪ್ಪುತ್ತದೆ. ಕೊಡದಿದ್ದರೆ, ತಪ್ಪಿದ್ದನ್ನು ತೀರ್ಮಾನಿಸುವವರು ಇವರೇ. ಅದೂ ಅಲ್ಲದೆ ಅದನ್ನು ಆಡಿಸಿದರೂ ಅಜ್ಜನಿಗೆ ಅದು ನಾನೇ. ಹಾಗಾಗಿ ಲೆಕ್ಕ ಬಿಡಿಸಿ ಹೇಳಿದೆ: ನನ್ನ ಹತ್ತಿರ ಇರುವುದು ಒಂದೇ ಟಾರ್ಚು ಎಂದು ಅಜ್ಜನಿಗೆ ಗೊತ್ತು. ನಾನು ಮುಂದೆ ಹೋದರೆ ಅವರಿಗೆ ಎರಡು ಬೆಳಕು ಕಾಣುತ್ತದೆ. ಎರಡಿದ್ದರೆ ಒಂದು ನಾನಲ್ಲ.

"ಅಂದ್ರೆ ನಾ ಇಲ್ಲಿ ಕುಣೀತಾ ಇರೂದು, ನೀ ನಿನ್ನ ಬಲೆಗೆ ಹೋಗೂದು."

"ಹೌದು."

"ಇದು ಬಲೆಗೆ ಹೋಗೂಕೆ ನೆವ ಅಲ್ಲ ಅಲ್ದಾ?"

"ನೆವವೂ ಹೌದು" ಎಂದು ಸೈಕಲ್ ಹತ್ತಿದೆ.

ಒಂಬತ್ತು ಮೂವತ್ತೆಂಟಕ್ಕೆ ಜಂತ್ರಡಿ. ಅಂದೇ ಬಲೆ ಬಿಗಿದ ಚೌಕಟ್ಟು ಬಾಗಿಲಿನ ಸಂದಿಯಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಅದರ ಮೇಲೆ ನಿಂತು ಕುಪ್ಪಳಿಸುತ್ತಿದ್ದಾಗ ಹುಟ್ಟಿನ ಸದ್ದು ಕೇಳಿತು. ದೋಣಿ ತಾರಿಕಟ್ಟೆಗೆ ಹೋಗದೆ ನೇರ ನನ್ನ ಕಡೆಗೇ ಬಂತು.

"ಹತ್ತಿ, ಹತ್ತಿ. ಯಾರು?" ಎಂದರು ಅಜ್ಜ.

"ನಾನು."

ಹುಟ್ಟು ನಿಂತಿತು. "ನೀನಾದ್ರೆ ಅಲ್ಲಿ ಕುಣೀತಾ ಇರೂದು ಯಾರು?"

ನನ್ನ ಲೆಕ್ಕ ಸರಿಯಿತ್ತು. ಎರಡರಲ್ಲಿ ಒಂದು ನಾನಲ್ಲ ಎಂದು ಅವರೂ ಕಂಡುಕೊಂಡಿದ್ದರು. ಯಾವುದು ಎಂಬುದರಲ್ಲಿ ಮಾತ್ರ ಹೆಚ್ಚುಕಡಿಮೆಯಾಗಿತ್ತು. ವಿಷಯ ಕೇಳಿ ಅಜ್ಜ ಒಮ್ಮೆ ಹಣೆ ಒತ್ತಿಕೊಂಡರು. ಆಮೇಲೆ ನನ್ನ ಅವಸ್ಥೆ ನೋಡಿ ದೋಣಿ ಕಟ್ಟಿ ಹತ್ತಿ ಬಂದು, ಹುಟ್ಟಿನ ತುದಿಯನ್ನು ಚೌಕಟ್ಟಿನ ಮೂಲೆಗೆ ಕೊಟ್ಟು ಒತ್ತಿದರು. ನಾನು ಇನ್ನೊಂದು ಮೂಲೆಗೆ ಭಾರ ಹಾಕಿದೆ. ಅಷ್ಟರಲ್ಲಿ ಹಿರಿಯರು ಪಂಚೆ ಎತ್ತಿ ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಒಡ್ಡಿನ ಮೇಲೆ ಬಂದರು. ಇನ್ನೊಂದು ಕೈ ಮೊಬೈಲನ್ನು ಈಗಲೂ ಆಡಿಸುತ್ತಲೇ ಇತ್ತು. ಬೈಯಲು ಬಾಯಿ ತೆರೆದವರು ಚೌಕಟ್ಟನ್ನು ನೋಡಿ ಚಪ್ಪಲಿ ಕೆಳಗಿಟ್ಟು, ನಡುವಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ತುಳಿದರು. ಬಲೆ ದಡಕ್ಕನೆ ಇಳಿಯಿತು.

ಗಂಟೆ ಎಷ್ಟು ಎಂದು ಅವರೇ ಕೇಳಿದರು. ಕೈಗಡಿಯಾರ ನೋಡಿ ಒಂಬತ್ತು ನಲವತ್ತೇಳು ಎಂದೆ.

"ಬರ್ಕೊ. ನೀರು ತಿರುಗೂಕೆ ಮುಂಚೆ ಬಲೆ ಬಿತ್ತು, ನಾನೇ ಕಂಡಿದ್ದೆ. ಗುತ್ತಿಗೆ ಮಾತು ಇನ್ನು ಕಮಿಟೀಲಿ ಬರೂದಿಲ್ಲ."

ಅವರನ್ನು ದೋಣಿಗೆ ಹತ್ತಿಸಿದೆವು. ಅಜ್ಜ ಹುಟ್ಟು ಹಾಕುತ್ತ, ತಾರಿಕಟ್ಟೆಗಿಂತ ಜಂತ್ರಡಿ ದೂರ, ಹಾಗಾಗಿ ಬಾಡಿಗೆ ಹೆಚ್ಚು ಎಂದು ವಿವರಿಸುವುದು ಕೇಳುತ್ತಿತ್ತು. ನಾನು ಒಡ್ಡಿನ ಮೇಲೆ ಕೂತು ಕಾದೆ. ಐವತ್ತೊಂದಕ್ಕೆ ನೀರು ನಿಂತಿತು. ಐವತ್ತಮೂರಕ್ಕೆ ಬಲೆ ಹೊಳೆಯ ಕಡೆಗೆ ಉಬ್ಬಿತು, ಒಳಗೆ ಸಿಗಡಿ ಪಟಪಟ ಬಡಿಯಲು ಶುರುಮಾಡಿತು.