ಮಂಗಲಕ್ಕ ಕೇಳುವ ಮಾತು

ಹೊನ್ನಾವರ ಸೀಮೆಯಲ್ಲಿ ಮದುವೆ ಅಡುಗೆ ಎಂದರೆ ತ್ರ್ಯಂಬಕ ಭಟ್ಟರದೇ. ಹೋಳಿಗೆ, ಪಾಯಸದಲ್ಲೇ ಆಯುಷ್ಯ ಕಳೆದವರಿಗೆ ಐವತ್ತು ದಾಟುತ್ತಿದ್ದಂತೆ ಸಿಹಿಮೂತ್ರ ಗಂಟುಬಿತ್ತು. ಜನ ನಕ್ಕರು, ಭಟ್ಟರು ಅವರಿಗಿಂತ ಜೋರಾಗಿ ನಕ್ಕರು. ಹೆಂಡತಿ ಮಂಗಲಾ ಮಾತ್ರ ನಗಲಿಲ್ಲ. ನೇರಳೆ ಬೀಜ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ದಿನಾ ಬೆಳಿಗ್ಗೆ ಮಜ್ಜಿಗೆಯಲ್ಲಿ ಕದಡಿ ಕೊಟ್ಟಳು. ಗಂಡನನ್ನು ಉಳಿಸಿಕೊಳ್ಳುವುದು ತನ್ನ ಕೈಯಲ್ಲೇ ಇದೆ ಎಂದು ನಂಬಿದ್ದಳು.

ಭಟ್ಟರೋ, ಹೇಳಿದ ಮಾತು ಕೇಳುವವರಲ್ಲ. ಒಲೆಯ ಮುಂದೆ ನಿಂತು ನಿಂತು ಮಂಡಿ ಹಿಡಿದುಕೊಳ್ಳುತ್ತಿತ್ತು, ಪಾದ ಉರಿಯುತ್ತಿತ್ತು. ಅದಕ್ಕೆ ಅಂಗಡಿಯ ನೋವಿನ ಮಾತ್ರೆ. ಕೊನೆಯ ಪಂಕ್ತಿ ಏಳುವ ತನಕ ಅಡುಗೆಯವರು ಉಣ್ಣುವಂತಿಲ್ಲ. ಮಾತ್ರೆಯೆಲ್ಲ ಖಾಲಿ ಹೊಟ್ಟೆಗೇ. ಹಿಂದೊಮ್ಮೆ ಹೊಟ್ಟೆಹುಣ್ಣು ಕಾಡಿದ್ದನ್ನು ಅವರೂ ಮರೆತಿದ್ದರು, ಅವಳೂ ಮರೆತಿದ್ದಳು.

೧೯೬೧ರ ವೈಶಾಖದ ಒಂದು ಬೆಳಿಗ್ಗೆ ಭಟ್ಟರು ಹಿತ್ತಿಲಿಂದ ಬಂದು, ಕೈಕಾಲು ತೊಳೆದು, ಮುಖ ಪಕ್ಕಕ್ಕೆ ತಿರುಗಿಸಿ ಹೇಳಿದರು: "ಹೊರಕಡೆ ಕಪ್ಪಗೆ ಹೋಗ್ತು ಮಾರಾಯ್ತಿ. ಡಾಂಬರಿನ ಹಾಂಗೆ."

"ರಕ್ತ ಎಂತಾದ್ರೂ ಇದ್ದಾ?" ಎಂದಳು ಮಂಗಲಾ.

"ರಕ್ತ ಇಲ್ಲೆ."

"ಹಂಗಾರೆ ಅದು ನೇರಳೆ ಬಣ್ಣ. ಪುಡಿ ಮೈಗೆ ಹಿಡದ್ದು. ಕುಡಿಯದು ಬಿಡದು ಬೇಡ."

ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಪುಡಿಯನ್ನು ಇನ್ನೊಂದು ಚಮಚ ಹೆಚ್ಚಿಸಿದಳು. ಇಂಥ ಮಾತನ್ನು ಡಾಕ್ಟರ ಮುಂದೆ ಎತ್ತುವುದುಂಟೇ? ಭಟ್ಟರ ಮುಖ ಬಿಳಿಚಿತು, ತಲೆ ತಿರುಗತೊಡಗಿತು. ಸಕ್ಕರೆ ಇಳಿಯುತ್ತಿದೆ ಎಂದುಕೊಂಡು ಬೆಲ್ಲದ ಚೂರು ಬಾಯಿಗಿಟ್ಟಳು.

ಕಾಯ್ಕಿಣಿಯ ಮದುವೆಮನೆಯಲ್ಲಿ ಭಟ್ಟರು ಸಾರಿನ ಹಂಡೆಯ ಪಕ್ಕವೇ ಕುಸಿದರು. ತರಕಾರಿ ಹೆಚ್ಚುತ್ತಿದ್ದ ಮಂಗಲಾ ಓಡಿಬಂದಳು. ಯಾರದೋ ಗಾಡಿಯಲ್ಲಿ ಹೊಳೆಬಾಗಿಲಿಗೆ ತಂದು, ಲಾಂಚಿನಲ್ಲಿ ಶರಾವತಿ ದಾಟಿಸಿ, ಹೊನ್ನಾವರದ ದವಾಖಾನೆ ಸೇರಿಸಿದರು. ಡಾಕ್ಟರು ರೆಪ್ಪೆ ಎಳೆದು ನೋಡಿ, ಯಾವ ಮಾತ್ರೆ ನುಂಗುತ್ತಿದ್ದರೆಂದು ವಿಚಾರಿಸಿ, ಮಲ ಕಪ್ಪಾಗಿತ್ತೇ ಎಂದು ಕೇಳಿದರು.

ಮಂಗಲಾ ತಲೆ ತಗ್ಗಿಸಿದಳು. "ಅದು ನೇರಳೆ ಪುಡಿದು."

"ನೇರಳೆ ಅಲ್ಲ ಅಮ್ಮಾ. ಹೊಟ್ಟೆಯೊಳಗೆ ಒಸರಿದ ರಕ್ತ ಕೆಳಗೆ ಬರುವಷ್ಟರಲ್ಲಿ ಕಪ್ಪಾಗ್ತದೆ. ಆ ಮಾತ್ರೆಗಳು ಹುಣ್ಣನ್ನು ಕೆರಳಿಸಿವೆ. ಬೇಗ ಬರಬೇಕಿತ್ತು."

ಮರುದಿನ ಮಧ್ಯಾಹ್ನ ಭಟ್ಟರು ತೀರಿಕೊಂಡರು.

"ಸಿಹಿಮೂತ್ರ ಒಯ್ದುಬಿಟ್ಟಿತು" ಎಂದು ಸಮಾಧಾನಕ್ಕೆ ಬಂದವರನ್ನೆಲ್ಲ ಮಂಗಲಾ ತಿದ್ದಿದಳು: "ಅಲ್ಲ. ರಕ್ತ ಹೋಗ್ತಿತ್ತು. ನಂಗೆ ಗೊತ್ತಾತಿಲ್ಲೆ." ಆ ದುಃಖ ಅವಳನ್ನು ಬಿಡಲೇ ಇಲ್ಲ. ನಾಚಿಕೆ ಮಾತ್ರ ಬಿಟ್ಟುಹೋಯಿತು. ಸಿಹಿಮೂತ್ರದವರು ಎದುರು ಸಿಕ್ಕರೆ ಸಾಕು, ಪೇಟೆಯಾಗಲಿ, ಬಸ್ಸಾಗಲಿ, ಹೊರಕಡೆ ಕಪ್ಪಗೆ ಹೋಗುವುದುಂಟೋ ಎಂದು ಕೇಳಿಯೇಬಿಡುತ್ತಿದ್ದಳು. ಮಂಗಲಕ್ಕನಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು.

ಭಟ್ಟರ ಮೂರನೇ ವರ್ಷದ ಶ್ರಾದ್ಧ. ಅವರ ತಮ್ಮ ಕೃಷ್ಣಾನಂದನಿಗೂ ಅದೇ ಕಾಯಿಲೆ, ಅದೇ ಮಂಡಿನೋವು, ಅದೇ ಮಾತ್ರೆ. ಊಟಕ್ಕೆ ಕುಳಿತವನ ಬಿಳಿಚಿದ ಮುಖವನ್ನು ಮಂಗಲಾ ಅಡುಗೆಮನೆಯ ಬಾಗಿಲಿಂದ ನೋಡಿದಳು. ಪಂಕ್ತಿಯ ಮಧ್ಯದಲ್ಲೇ ಆ ಮಾತು ಕೇಳಿದಳು. ಎಲ್ಲರ ಕೈ ಎಲೆಯ ಮೇಲೇ ನಿಂತಿತು.

ಕೃಷ್ಣಾನಂದ ಸಣ್ಣ ದನಿಯಲ್ಲಿ ಹೇಳಿದ: "ಒಂದು ವಾರ ಆತು ಅತ್ತಿಗೆ."

"ಏಳು. ದವಾಖಾನೆಗೆ ಹೋಪನ."

ಶ್ರಾದ್ಧದ ಎಲೆಯಿಂದ ಅರ್ಧಕ್ಕೇ ಏಳುವುದುಂಟೇ ಎಂದು ಪುರೋಹಿತರು ಗೊಣಗಿದರು. ಮಂಗಲಾ ಆಗಲೇ ಮೈದುನನ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು.