ತಾಯಿಯ ಕಲ್ಲಿಗೆ ಸೇರದವನು

ಮು ಬಿಂಗುವಿಗೂ ಗಂಡ ಜಾ ಲಾಕ್‌ಗೂ ಜಗಳವಾದಾಗಲೆಲ್ಲ ಅವನದು ಒಂದೇ ಮಾತು.

"ನೋಡ್ಕೋ, ನಾನು ನಿಮ್ಮನೆ ನೆಂಟ. ಕೊನೆಗೆ ನಮ್ಮಮ್ಮನ ಹತ್ರಾನೇ ಹೋಗೋನು."

ಅವಳು ಮಗ್ಗದಿಂದ ತಲೆ ಎತ್ತುತ್ತಿರಲಿಲ್ಲ. "ಈಗ್ಲೇ ಹೊರಡು. ಬುತ್ತಿ ಕಟ್ಕೊಡ್ತೀನಿ."

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಪಾಂಡುರಂಗ ಎಂಬ ನಾಡಿನ ಚಾಮ ಜನರಲ್ಲಿ ಮನೆ, ಗದ್ದೆ, ಮಕ್ಕಳು ಎಲ್ಲವೂ ಹೆಣ್ಣಿನ ಕಡೆಗೆ. ಹುಡುಗಿಯ ಮನೆಯವರೇ ಹೋಗಿ ಗಂಡು ಕೇಳುತ್ತಾರೆ. ಅವನು ಚಾಪೆ ಸುತ್ತಿಕೊಂಡು ಹೆಂಡತಿಯ ಮನೆಗೆ ಬರುತ್ತಾನೆ. ಇರುವಷ್ಟು ದಿನ ಅವಳವನು, ಸತ್ತ ಮೇಲೆ ತಾಯಿಯವನು. ಚಿತೆಯಿಂದ ಹಣೆಯ ಮೂಳೆಯ ಒಂಬತ್ತು ಬಿಲ್ಲೆಗಳನ್ನು ತೆಗೆದು, ಲೋಹದ ಪುಟ್ಟ ಕರಡಿಗೆಯಲ್ಲಿಟ್ಟು ಮರದ ಪೊಟರೆಯಲ್ಲೋ ಬಂಡೆಯ ಸಂದಿನಲ್ಲೋ ಅಡಗಿಸುತ್ತಾರೆ. ತಾಯಿಯ ಕಡೆಯ ಕರಡಿಗೆಗಳು ಸಾಕಷ್ಟು ಕೂಡಿದ ವರ್ಷ ಪುರೋಹಿತರನ್ನು ಕರೆಸಿ, ಎಲ್ಲವನ್ನೂ ಕುಲದ ಕಲ್ಲುಗಳ ಬುಡಕ್ಕೆ ಸೇರಿಸುತ್ತಾರೆ. ಅಲ್ಲಿಯವರೆಗೆ ಸತ್ತವನು ಇನ್ನೂ ದಾರಿಯಲ್ಲಿದ್ದಾನೆ ಎಂದೇ ಲೆಕ್ಕ.

ಜಾ ಲಾಕ್ ಜ್ವರದಲ್ಲಿ ಹೋದ. ಅವನ ಕರಡಿಗೆಯನ್ನು ಮು ಬಿಂಗು ಹಿತ್ತಲ ಹುಣಿಸೆಯ ಪೊಟರೆಯಲ್ಲಿಟ್ಟಳು. ಬೆಳಿಗ್ಗೆ ಮಗ್ಗಕ್ಕೆ ಕೂರುವ ಮುಂಚೆ ಅಲ್ಲಿಗೆ ಹೋಗಿ, ಮೇಕೆ ಈದದ್ದು, ಪಕ್ಕದ ಮನೆಯವರು ಬೇಲಿ ಒತ್ತಿದ್ದು ಎಲ್ಲವನ್ನೂ ಹೇಳಿ ಬರುತ್ತಿದ್ದಳು. ಕೆಲವು ವರ್ಷ ಕಳೆದ ಮೇಲೆ ಅವನ ಅಕ್ಕ ಮು ಕಥಿ ಹೇಳಿ ಕಳಿಸಿದಳು: ಈ ಬೇಸಿಗೆ ಕಲ್ಲಿಗೆ ಸೇರಿಸುತ್ತಿದ್ದೇವೆ, ತಮ್ಮನನ್ನು ಕಳಿಸು.

ಮು ಬಿಂಗು ಕಳಿಸಲಿಲ್ಲ. ಮಗ್ಗದಲ್ಲಿ ಗುಡಿಯ ಬಟ್ಟೆ ಇದೆ, ಮುಂದಿನ ಸಲ ಆಗಲಿ ಎಂದಳು. ಆ ಬಟ್ಟೆಯನ್ನು ಆಗಲೇ ಮಗ್ಗದಿಂದ ಕೊಯ್ದು ಮಡಚಿಟ್ಟಾಗಿತ್ತು. ಪೊಟರೆ ಬರಿದಾಗುವುದು ಅವಳಿಗೆ ಬೇಕಿರಲಿಲ್ಲ.

ಮುಂದಿನ ಸಲ ಎಂಬುದು ಬರಲಿಲ್ಲ. ಉತ್ತರದ ಹುವೆ ಪಟ್ಟಣದಿಂದ ಆಳುವ ಚಕ್ರವರ್ತಿಯ ಪಡೆ ಬಂತು. ಪಾಂಡುರಂಗ ಎಂಬ ಹೆಸರೇ ಅಳಿಯಿತು. ಜನ ದಂಗೆಯೆದ್ದರು. ದಂಗೆ ರಕ್ತದಲ್ಲಿ ಮುಗಿಯಿತು. ಆಮೇಲೆ ಒಂದರ ಹಿಂದೊಂದು ಅಪ್ಪಣೆಗಳು ಬಂದವು. ಹಿರಿಯರಿಗೆ ಎಡೆ ಇಡಕೂಡದು. ಹೆಂಗಸರು ಸೀರೆಯಂಥ ಉಡುಗೆ ಬಿಟ್ಟು ಷರಾಯಿ ತೊಡಬೇಕು. ಗಂಡಸರು, ಪುರೋಹಿತರೂ ಸೇರಿ, ಮರ ಕಡಿಯಲು ಬೆಟ್ಟ ಹತ್ತಬೇಕು.

ಸಾವಿರದ ಎಂಟುನೂರ ಮೂವತ್ತಾರರ ಬೇಸಿಗೆಯಲ್ಲಿ ಮು ಬಿಂಗುವಿನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಹೆತ್ತ ಒಬ್ಬಳೇ ಮಗಳು ಸಿಡುಬಿಗೆ ಹೋಗಿದ್ದಳು. ಪೊಟರೆಯಲ್ಲಿ ಏನಿದೆಯೆಂದು ತನ್ನ ಹೊರತು ಯಾರಿಗೂ ತಿಳಿಯದು. ತಾನು ಸತ್ತರೆ ಅವನು ಶಾಶ್ವತವಾಗಿ ದಾರಿಯಲ್ಲೇ ಉಳಿಯುತ್ತಾನೆ. ಕರಡಿಗೆಯನ್ನು ಬುಟ್ಟಿಯ ತಳದಲ್ಲಿಟ್ಟು, ಮೇಲೆ ಒಣಮೀನು ಹರಡಿ, ಅವನ ತಾಯಿಯ ಊರು ಹಮು ಕ್ರೋಂಗ್‌ಗೆ ಹೊರಟಳು.

ದಾರಿಯುದ್ದಕ್ಕೂ ದೊಡ್ಡ ಮರಗಳ ಕಾಂಡಕ್ಕೆ ಸುಣ್ಣದ ಪಟ್ಟೆ ಎಳೆದಿದ್ದರು. ಚಕ್ರವರ್ತಿಯ ಹೊಸ ಕೋಟೆಗೆಂದು ಕಡಿಯಲು ಗೊತ್ತುಮಾಡಿದ ಮರಗಳು. ಹೊಳೆಯ ಬಳಿ ಕಾವಲುಕಟ್ಟೆ. ಅಲ್ಲಿ ದುಭಾಷಿ ಕೆಲಸಕ್ಕೆ ನಿಂತಿದ್ದವನು ಚಾಮನೇ.

"ಏನತ್ತೆ, ಷರಾಯಿ ಹಿಂದುಮುಂದು ಹಾಕ್ಕೊಂಡಿದೀಯ."

"ಹಾಕ್ಕೋ ಅಂದ್ರು, ಹಾಕ್ಕೊಂಡೆ. ಯಾವ ಕಡೆ ಅಂತ ಹೇಳ್ಲಿಲ್ಲ."

ಅವನು ನಕ್ಕ. ಬುಟ್ಟಿಗೆ ಕೈ ಹಾಕಿ ಎರಡು ಮೀನು ಎತ್ತಿಕೊಂಡ. ಬೆರಳು ಲೋಹಕ್ಕೆ ತಾಗಿದ್ದು ಅವನ ಮುಖದಲ್ಲೇ ತಿಳಿಯಿತು. ನಗು ನಿಂತಿತು. ಹಿಂದೆ ಕೂತಿದ್ದ ಸಿಪಾಯಿ ಏನೋ ಕೇಳಿದ. ದುಭಾಷಿ ಅವನತ್ತ ಒಂದು ಮೀನು ಎಸೆದು, ತಗ್ಗಿದ ದನಿಯಲ್ಲಿ, "ಬೇಗ ಹೋಗತ್ತೆ. ನಾನು ನೋಡಿಲ್ಲ" ಎಂದ.

ಹಮು ಕ್ರೋಂಗ್‌ನಲ್ಲಿ ಕಲ್ಲುಗಳಿರಲಿಲ್ಲ. ಬೇಲದ ತೋಪಿನ ನಡುವೆ ಅವು ಸಾಲಾಗಿ ನಿಂತಿದ್ದ ಜಾಗದಲ್ಲಿ ಗುಂಡಿಗಳಿದ್ದವು. ಅರ್ಧ ಸುಟ್ಟ ಮನೆಯ ನೆರಳಲ್ಲಿ ಮು ಕಥಿ ಗಂಟು ಕಟ್ಟುತ್ತಿದ್ದಳು. ತಮ್ಮನ ಹೆಂಡತಿಯ ಕೈಯಲ್ಲಿದ್ದ ಬುಟ್ಟಿಯನ್ನು ನೋಡುತ್ತಲೇ ಅವಳಿಗೆ ಗೊತ್ತಾಯಿತು.

"ಈಗ ತಂದ್ಯಾ?"

"ಈಗ ತಂದೆ, ಅತ್ತಿಗೆ."

"ಗುಡಿ ಬಟ್ಟೆ ನೇಯ್ದು ಮುಗೀತೇನೇ?"

ಮು ಬಿಂಗು ತಲೆ ತಗ್ಗಿಸಿದಳು. ಬುಟ್ಟಿಯನ್ನು ನೆಲಕ್ಕಿಟ್ಟು, "ಆವತ್ತೇ ಕಳ್ಸಿದ್ರೆ ಕಲ್ಲಿನ ಬುಡದಲ್ಲಿರ್ತಿದ್ದ" ಎಂದಳು.

"ಇರ್ತಿದ್ದ. ಆಮೇಲೆ ಕಲ್ಲು ಕಿತ್ತಾಗ ಮಣ್ಣಿನ ಜೊತೆ ಗಾಡೀಲಿ ಹೋಗ್ತಿದ್ದ, ನಮ್ಮಜ್ಜಿ ಹೋದ ಹಾಗೆ. ಕಲ್ಲನ್ನ ಕೋಟೆ ಮೆಟ್ಟಿಲಿಗೆ ಹಾಕಿದಾರೆ. ದಿನಾ ತುಳೀತಾರೆ." ಅವಳು ಎಲೆ ಅಡಿಕೆ ಮುಂದೆ ತಳ್ಳಿದಳು. "ನೀನು ಹಟ ಮಾಡಿದ್ದಕ್ಕೆ ಉಳ್ಕೊಂಡ. ನಿನ್ನ ಹೊಗಳಲೋ ಬಯ್ಯಲೋ ಗೊತ್ತಾಗ್ತಿಲ್ಲ."

"ಪುರೋಹಿತ್ರು?"

"ಬೆಟ್ಟದಲ್ಲಿ ಮರ ಎಳೀತಿದಾರೆ. ಇದ್ದಿದ್ರೂ ಏನು ಮಾಡ್ತಿದ್ರು? ಕಲ್ಲಿಲ್ಲ, ಕುಲ ಇಲ್ಲ. ಉಳಿದಿರೋಳು ನಾನೊಬ್ಳು. ನನಗೂ ಹೆಣ್ಮಕ್ಳಿಲ್ಲ."

"ಹಂಗಾದ್ರೆ ನೀವಾದ್ರೂ ಇಟ್ಕೊಳ್ಳಿ. ನಿಮ್ಮ ತಮ್ಮ. ನಮ್ಮ ಕುಲದ ಕಲ್ಲಿಗೆ ಅವನು ಸಲ್ಲಲ್ಲ."

ಮು ಕಥಿ ಗಂಟಿನ ಕಡೆ ಕೈ ತೋರಿಸಿದಳು. "ನಾಳೆ ಊರಿನೋರನ್ನೆಲ್ಲ ದಕ್ಷಿಣಕ್ಕೆ ಸಾಗಿಸ್ತಾರೆ. ಗಂಟು ಬಿಚ್ಚಿಸಿ ನೋಡ್ತಾರಂತೆ. ಕರಡಿಗೆ ಸಿಕ್ಕಿದ್ರೆ ಹೊಳೆಗೆ."

ಅವಳು ಎದ್ದು ಒಲೆಯ ಬೂದಿ ಕೆದಕಿ, ಕಪ್ಪು ಹಿಡಿದ ಇನ್ನೊಂದು ಕರಡಿಗೆಯನ್ನು ತೆಗೆದು ಮು ಬಿಂಗುವಿನ ಮುಂದಿಟ್ಟಳು.

"ಅಮ್ಮ. ಕಲ್ಲಿಗೆ ಸೇರಿಸೋ ಕೆಲಸ ಮುಗಿದ ಮೇಲೆ ತೀರ್ಕೊಂಡ್ಲು, ಅದಕ್ಕೇ ಇಲ್ಲೇ ಉಳಿದ್ಲು."

"ಅತ್ತಿಗೆ, ನಿಮ್ಮ ಕುಲದ ಹೆಣ್ಣಿನ ಮೂಳೆ ನಾನು ಮುಟ್ಬಾರ್ದು."

"ಗೊತ್ತು."

"ನನಗೆ ಕೆಮ್ಮಲ್ಲಿ ರಕ್ತ ಬರ್ತಿದೆ."

"ಅದೂ ಗೊತ್ತಾಯ್ತು, ನೀನು ಬರೋವಾಗ್ಲೇ ಕೇಳಿಸ್ತು." ಮು ಕಥಿ ಸೆರಗಿಲ್ಲದ ಮೈಮೇಲೆ ಸೆರಗಿಗಾಗಿ ಕೈಯಾಡಿಸಿ, ಅಂಗೈಯಿಂದಲೇ ಮುಖ ಒರೆಸಿಕೊಂಡಳು. "ನಿನಗಿಂತ ಹತ್ತಿರದೋರು ಇದ್ದಿದ್ರೆ ಅವರಿಗೇ ಕೊಡ್ತಿದ್ದೆ. ಯಾರಿದಾರೆ ಹೇಳು."

ಮು ಬಿಂಗು ಒಣಮೀನು ಸರಿಸಿ, ಆ ಕರಡಿಗೆಯನ್ನೂ ಬುಟ್ಟಿಯ ತಳದಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಅತ್ತಿಗೆ ಸಾಲಿನಲ್ಲಿ ದಕ್ಷಿಣಕ್ಕೆ ನಡೆದಳು, ಮು ಬಿಂಗು ಬುಟ್ಟಿ ಹೊತ್ತು ಬಂದ ದಾರಿಗೆ ತಿರುಗಿದಳು. ಕಾವಲುಕಟ್ಟೆಯಲ್ಲಿ ಅದೇ ದುಭಾಷಿ ಇದ್ದ. ಬುಟ್ಟಿಯ ಭಾರ ಕಂಡು ಬೇರೆಡೆ ಮುಖ ತಿರುಗಿಸಿದ.

ಊರು ಸೇರುವಾಗ ಸಂಜೆಯಾಗಿತ್ತು. ಪೊಟರೆ ಕಿರಿದು, ಎರಡು ಕರಡಿಗೆ ಪಕ್ಕಪಕ್ಕ ಕೂರುತ್ತಿರಲಿಲ್ಲ. ತಾಯಿಯದನ್ನು ಒಳಗಿಟ್ಟು, ಮಗನದನ್ನು ಅದರ ಮುಂದೆ ಓರೆಯಾಗಿ ಒತ್ತಿದಳು. ಸೊಸೆಯ ಮನೆಯಲ್ಲಿ ಒಂದು ರಾತ್ರಿಯೂ ತಂಗದ ಹೆಂಗಸು ಅವಳು.

"ನೀನು ಹೋಗ್ಲಿಲ್ಲ. ಅವರೇ ಬಂದ್ರು" ಎಂದಳು ಮು ಬಿಂಗು. ಮೇಕೆಯ ಸುದ್ದಿ ಹೇಳಲು ಮೇಕೆಯೂ ಉಳಿದಿರಲಿಲ್ಲ.

ಜೇಡಿಮಣ್ಣು ಕಲಸಿ ಪೊಟರೆಯ ಬಾಯಿ ಮೆತ್ತಿದಳು. ಆಮೇಲೆ ಮರದ ರಸ್ತೆ ಬದಿಗೆ ಬಂದು, ಕಣ್ಣು ಮಂಜಾಗಿದ್ದರಿಂದ, ಹುಣಿಸೆಯ ಕಾಂಡವನ್ನು ಸುತ್ತಲೂ ಕೈಯಿಂದ ತಡವಿ, ಬೆರಳುಗಳನ್ನು ಮುಖದ ಹತ್ತಿರ ಹಿಡಿದು ನೋಡಿದಳು. ಸುಣ್ಣ ಅಂಟಿರಲಿಲ್ಲ. ಇನ್ನೂ ಗುರುತು ಹಾಕಿರಲಿಲ್ಲ.